ದೊಡವಾಡದಿಂದ ಕಾನೋಗೆ, ಜಳಕ ಸಹಿತ

ನಮ್ಮ ಓಣಿಯ ಇಬ್ಬರು ಹುಡುಗಿಯರು ಈ ವರ್ಷ ಬೆಳಗಾವಿಯ ಟ್ರಾವೆಲ್ ಆಫೀಸೊಂದರಲ್ಲಿ ಕೆಲಸಕ್ಕೆ ಸೇರಿದ್ದಾರೆ. ಸೇರಿದ ವಾರವೇ ನನ್ನನ್ನು ಹುಡುಕಿಕೊಂಡು ಬಂದರು. “ಆಯಿ, ಕಂಪ್ಯೂಟರ್ ಇಲ್ಲದ ಕಾಲದಾಗ ನೀವು ಫ್ಲೈಟ್ ಹೆಂಗ ಹುಡುಕ್ತಿದ್ರಿ?” ಎಂದು ಕೇಳಿದರು. ಕೇಳಿದ ಧಾಟಿ ನೋಡಿದರೆ, ಒಲೆಯಿಲ್ಲದೆ ಅಡುಗೆ ಹೇಗೆ ಮಾಡುತ್ತಿದ್ದಿರಿ ಎಂದಂತಿತ್ತು. ಬಾಯಲ್ಲಿ ಹೇಳಿದರೆ ಚಹಾ ಮುಗಿಯುವಷ್ಟರಲ್ಲಿ ಮರೆತುಬಿಡುತ್ತೀರಿ, ಬರೆದೇ ಕೊಡುತ್ತೇನೆ ಎಂದೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ನಿವೃತ್ತಿಯ ದಿನ ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ಅದನ್ನು ಓದಿ ನಿಮಗೇನೂ ಆಗಬೇಕಾದದ್ದಿಲ್ಲ.

ಎಪ್ಪತ್ತರ ದಶಕದಲ್ಲಿ ಬೈಲಹೊಂಗಲದಲ್ಲಿ ವಿಮಾನದ ಟಿಕೇಟು ಮಾಡಿಕೊಡುವ ಆಫೀಸಿತ್ತು ಎಂದರೆ ಈಗಲೂ ಜನ ನಗುತ್ತಾರೆ. ನಗಲಿ, ಇತ್ತು. ಪೇಟೆಯಲ್ಲಿ ಸಂಗಪ್ಪ ಸಾವಕಾರರ ಅರಳೆ ಅಂಗಡಿಯ ಮುಂದಿನ ಕೋಣೆಯೇ ನಮ್ಮ ಆಫೀಸು, ಅಂಗಡಿಯ ಹಿಂದೆ ಅವರ ಮನೆ. ಸಾವಕಾರರು ಅರಳೆ ವ್ಯಾಪಾರಕ್ಕೆಂದು ಮುಂಬಯಿಗೆ ಓಡಾಡುತ್ತಿದ್ದವರು, ಒಂದು ಸಲ ಬರುವಾಗ ಅಲ್ಲಿಯ ಟ್ರಾವೆಲ್ ಕಂಪನಿಯೊಂದರ ಏಜೆನ್ಸಿಯನ್ನೂ ಹಿಡಿದುಕೊಂಡು ಬಂದಿದ್ದರು. ಬರುವ ಗಿರಾಕಿಗಳು ಹೆಚ್ಚಾಗಿ ಕಾಶಿ, ರಾಮೇಶ್ವರದ ಬಸ್ಸು ಯಾತ್ರೆಯವರು. ಆದರೂ ತಿಂಗಳಿಗೆ, ಎರಡು ತಿಂಗಳಿಗೆ ಒಬ್ಬರಾದರೂ ಸಮುದ್ರ ದಾಟುವವರು ಬರುತ್ತಿದ್ದರು. ಇಂಗ್ಲೆಂಡಿಗೆ ಓದಲು ಹೊರಟ ಡಾಕ್ಟರು, ಮಾಲು ಮಾರಲು ಹೊರಟ ವ್ಯಾಪಾರಿ, ಆಫ್ರಿಕಾದ ಶಾಲೆಗಳಲ್ಲಿ ನೌಕರಿ ಸಿಕ್ಕ ನಮ್ಮ ಕಡೆಯ ಮಾಸ್ತರರು. ಅಂಥವರಿಗೆ ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ಬೇಗ ಮುಟ್ಟುವ ದಾರಿ ಹುಡುಕಿಕೊಡುವುದು ನನ್ನ ಕೆಲಸ. ಟೈಪಿಂಗ್ ಪಾಸಾಗಿದ್ದೆ, ಇಂಗ್ಲಿಷು ಓದಲು ಬರುತ್ತಿತ್ತು, ಅಷ್ಟಕ್ಕೇ ನನ್ನನ್ನು ತೆಗೆದುಕೊಂಡಿದ್ದರು. ವಿಮಾನವನ್ನು ನಾನಿನ್ನೂ ಆಕಾಶದಲ್ಲಿ ಮಾತ್ರ ನೋಡಿದ್ದೆ.

ಸಾಮಾನು ಏನೇನಿತ್ತು ಕೇಳಿ. ಇಟ್ಟಿಗೆಗಿಂತ ದಪ್ಪನೆಯ ಒಂದು ವೇಳಾಪಟ್ಟಿಯ ಪುಸ್ತಕ, ಲೋಕದ ಎಲ್ಲ ವಿಮಾನಗಳೂ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಅದರೊಳಗಿದ್ದವು. ಒಂದು ಭೂಗೋಲ. ಒಂದು ಉಂಡೆ ದಾರ. ಪುಸ್ತಕ ಮುಂಬಯಿಯಿಂದ ನಮ್ಮ ಕೈಗೆ ಬರುವಷ್ಟರಲ್ಲಿ ಅದರೊಳಗಿನ ಎಷ್ಟೋ ವಿಮಾನಗಳು ಹೊತ್ತು ಬದಲಿಸಿರುತ್ತಿದ್ದವು. ಹಾಗಾಗಿ ಟ್ರಂಕ್ ಕಾಲ್ ಹಚ್ಚಿ ಮುಂಬಯಿಯ ಆ ಕಂಪನಿಯ ಸಾಹೇಬರನ್ನು ಕೇಳಬೇಕು. ಕಾಲ್ ಬುಕ್ ಮಾಡಿ ಕುಳಿತರೆ ಮನೆಗೆ ಹೋಗಿ ಊಟ ಮಾಡಿ ಬಂದರೂ ಲೈನು ಸಿಗುತ್ತಿರಲಿಲ್ಲ. ಸಿಕ್ಕಾಗ ಹಿಂದಿನ ಕೋಣೆಯಲ್ಲಿ ಅರಳೆಯ ಹರಾಜು ಜೋರಾಗಿರುತ್ತಿತ್ತು. ನಾನು ಲಂಡನ್ ಎಂದು ಕೂಗುವುದು, ಅವರು ಕ್ವಿಂಟಲ್ ಎಂದು ಕೂಗುವುದು, ಆ ಕಡೆಯಿಂದ ಸಾಹೇಬರು ಬಯ್ಯುವುದು.

ದಾರ ಯಾಕೆ ಎಂದರೆ, ಗೋಡೆಯ ನಕಾಶೆ ನಂಬಿದರೆ ಕೆಟ್ಟೆವು. ರಾಮದುರ್ಗದ ಸೀರೆ ವ್ಯಾಪಾರಿ ಮಲ್ಲೇಶಪ್ಪನವರು ಅಣ್ಣನ ಮಗನ ಮದುವೆಗೆಂದು ನ್ಯೂಯಾರ್ಕಿಗೆ ಹೊರಟಿದ್ದರು. ದಾರಿ ತೋರಿಸಿ ಎಂದರು. ಭೂಗೋಲದ ಮೇಲೆ ದಾರ ಬಿಗಿಯಾಗಿ ಎಳೆದರೆ ಅದು ಪಶ್ಚಿಮಕ್ಕೆ ನೆಟ್ಟಗೆ ಹೋಗದೆ ಉತ್ತರದ ಹಿಮದ ಕಡೆ ಹೊರಳಿಕೊಂಡಿತು.

“ಅಲ್ರಿ ಅಕ್ಕಾರ, ಅಮೆರಿಕಾ ಪಡುವಣಕ್ಕೈತಿ ಅಂತಾರ. ನೀವು ನನ್ನ ಬಡಗಣಕ್ಕ ಯಾಕ ಹೊಂಡಸ್ತೀರಿ?” ಎಂದರು.

ಎಷ್ಟು ಹೇಳಿದರೂ ಅವರಿಗೆ ಭೂಗೋಲದ ಮೇಲೆ ನಂಬಿಕೆ ಬರಲಿಲ್ಲ, ಅದು ಅಂಗಡಿಯಲ್ಲಿ ಮಾಡಿದ ಆಟಿಕೆ ಸಾಮಾನು ಎಂದೇ ಅವರ ವಾದ. ಕೊನೆಗೆ ಸಂಗಪ್ಪನವರು ಪೇಟೆಯಿಂದ ಕಲ್ಲಂಗಡಿ ಹಣ್ಣು ತರಿಸಿದರು. ಅದರ ಮೇಲೆ ಸುಣ್ಣದಿಂದ ಎರಡು ಬೊಟ್ಟು ಇಟ್ಟು ದಾರ ಎಳೆದು ತೋರಿಸಿದೆ. ಹಣ್ಣಿನ ಹೊಟ್ಟೆಯ ಮೇಲೆ ಹಾಯುವುದಕ್ಕಿಂತ ತೊಟ್ಟಿನ ಕಡೆಯಿಂದ ಹಾಯ್ದರೆ ದಾರ ಗಿಡ್ಡದು. ಮಲ್ಲೇಶಪ್ಪನವರು ತಾವೇ ಎರಡು ಸಲ ಎಳೆದು ನೋಡಿ ಒಪ್ಪಿದರು. ಆಮೇಲೆ ಮೂವರೂ ಸೇರಿ ಆ ಭೂಮಿಯನ್ನು ಕೊಯ್ದು ತಿಂದೆವು.

ಅವರು ತಿರುಗಿ ಬಂದವರು ಮನೆಗೂ ಹೋಗದೆ ನೆಟ್ಟಗೆ ಆಫೀಸಿಗೇ ಬಂದರು. “ಹೋಗೂಮುಂದ ಸಮುದ್ರದ ಮ್ಯಾಲ ತಾಸುಗಟ್ಟಲೆ ಕುಂದ್ರಿಸಿದ್ರು. ಬರೂಮುಂದ ಅದ ಸಮುದ್ರ ಲಗೂನ ಮುಗೀತು. ಹೋಗೂಮುಂದ ಸುಳ್ಳ ಸುತ್ತ ಹೊಡಿಸ್ಯಾರ, ಅಕ್ಕಾರ. ಇದರಾಗ ಏನೋ ಮೋಸ ಐತಿ.” ಮೋಸವಲ್ಲ, ಗಾಳಿ ಎಂದು ಹೇಳಿದೆ. ಮೇಲೆ ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿಯ ಹೊಳೆಯೊಂದು ಹರಿಯುತ್ತದೆ. ಪೂರ್ವಕ್ಕೆ ಬರುವ ವಿಮಾನ ಅದರೊಳಗೆ ಹೊಕ್ಕು ಬರುತ್ತದೆ, ಪಶ್ಚಿಮಕ್ಕೆ ಹೋಗುವುದು ಅದನ್ನು ತಪ್ಪಿಸಿಕೊಂಡು ಸುತ್ತಿ ಹೋಗುತ್ತದೆ. ಆಷಾಢದಲ್ಲಿ ಸವದತ್ತಿಯಿಂದ ಬೈಲಹೊಂಗಲಕ್ಕೆ ಸೈಕಲ್ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಲ್ಲೇಶಪ್ಪನವರು ತುಳಿದಿದ್ದರು. “ಹಂಗಾರ ಸರಿ,” ಎಂದು ಮನೆಗೆ ಹೋದರು.

ಎಲ್ಲವೂ ಹೀಗೆ ಗೆದ್ದ ಕತೆಗಳೇ ಎಂದು ತಿಳಿಯಬೇಡಿ. ಕಿತ್ತೂರಿನ ದೇಸಾಯಿ ಮಾಸ್ತರರನ್ನು ಜಪಾನಿನಿಂದ ಅಮೆರಿಕಾಕ್ಕೆ ಕಳಿಸುವಾಗ ನಾನು ತಾರೀಖಿನ ಗೆರೆಯನ್ನು ತಿರುವುಮುರುವು ಲೆಕ್ಕ ಹಾಕಿದೆ. ನಡುಸಮುದ್ರದಲ್ಲಿ ಒಂದು ಗೆರೆಯಿದೆ, ಪೂರ್ವಕ್ಕೆ ಅದನ್ನು ದಾಟಿದರೆ ಒಂದು ದಿನ ಹಿಂದೆ ಹೋಗಬೇಕು. ರವಿವಾರ ಸಂಜೆ ಹೊರಟವರು ರವಿವಾರ ಮುಂಜಾನೆಯೇ ಮುಟ್ಟುತ್ತಾರೆ. ನಾನು ಅಲ್ಲಿದ್ದ ಅವರ ಬೀಗರಿಗೆ ಸೋಮವಾರ ಬನ್ನಿ ಎಂದು ತಾರು, ಅಂದರೆ ಟೆಲಿಗ್ರಾಂ, ಕೊಟ್ಟಿದ್ದೆ. ಮಾಸ್ತರರು ಒಂದು ಹಗಲು, ಒಂದು ರಾತ್ರಿ ವಿಮಾನ ನಿಲ್ದಾಣದ ಬೆಂಚಿನ ಮೇಲೆ ಕಳೆದರು. ಬಂದ ಮೇಲೆ ಬಯ್ಯಲಿಲ್ಲ. “ಹೊರಡೂಕ್ಕಿಂತ ಮೊದಲ ಮುಟ್ಟಿದ ಮನಿಶ್ಯಾ ನಾ ಒಬ್ನ ಇರಬೇಕು. ಇನ್ನ ಮ್ಯಾಲ ಸಾಲ್ಯಾಗ ಭೂಗೋಲ ಚೊಲೊ ಕಲಸ್ತೇನಿ,” ಎಂದರು. ಈ ಪ್ರಸಂಗ ಮುಂಬಯಿಯ ಸಾಹೇಬರ ಕಿವಿಗೆ ಬಿದ್ದು, ಅವರು ಟ್ರಂಕ್ ಕಾಲಿನಲ್ಲಿ ನನಗೆ ವಾರದ ಹೆಸರುಗಳನ್ನು ಸೋಮವಾರದಿಂದ ಶುರುಮಾಡಿ ಒಪ್ಪಿಸಲು ಹೇಳಿದರು. ಒಪ್ಪಿಸಿದೆ.

ಈಗ ನಿಜವಾಗಿ ಹೇಳಬೇಕಾದ ಸಂಗತಿಗೆ ಬರುತ್ತೇನೆ.

ದೊಡವಾಡದ ನೀಲಗಂಗವ್ವ ಒಕ್ಕಲುತನದ ಮನೆಯವರು. ಗಂಡ ತೀರಿಕೊಂಡ ಮೇಲೆ ತಮ್ಮ ಈರಪ್ಪನ ಜೊತೆ ಹೊಲ ನೋಡಿಕೊಂಡಿದ್ದರು. ಒಬ್ಬಳೇ ಮಗಳು ಶಿವಲೀಲಾ. ಅಳಿಯ ಗಣಿತದ ಮಾಸ್ತರ, ನೈಜೀರಿಯಾ ದೇಶದ ಕಾನೋ ಎಂಬ ಊರಿನಲ್ಲಿ ನೌಕರಿ. ಶಿವಲೀಲಾಳ ಮೊದಲ ಕೂಸು ಅಲ್ಲಿಯೇ ಏಳು ತಿಂಗಳ ಬಸುರಿನಲ್ಲೇ ಹೋಗಿಬಿಟ್ಟಿತ್ತು. ಆಗ ಹತ್ತಿರ ತವರಿನವರು ಯಾರೂ ಇರಲಿಲ್ಲ. ಎರಡನೆಯ ಸಲ ಬಸುರಾದಾಗ ನೀಲಗಂಗವ್ವ ಬಾಣಂತನಕ್ಕೆ ತಾವೇ ಹೋಗುವುದೆಂದು ಗಟ್ಟಿ ಮಾಡಿದರು. ಪಾಸ್‌ಪೋರ್ಟ್, ವೀಸಾ, ಹಳದಿ ಜ್ವರದ ಚುಚ್ಚುಮದ್ದು ಎಲ್ಲ ಮುಗಿದು, ಮುಂದಿನ ತಿಂಗಳಿನ ಟಿಕೇಟು ನಾನೇ ಮಾಡಿಕೊಟ್ಟಿದ್ದೆ.

ಅಷ್ಟರಲ್ಲಿ ಅಳಿಯನ ತಾರು ಬಂತು. ಶಿವಲೀಲಾಳನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಹೆರಿಗೆ ಬೇಗ ಆಗಬಹುದು, ಅವ್ವನನ್ನು ಕೂಡಲೇ ಕಳಿಸಿ ಎಂದಿತ್ತು. ಅಕ್ಕ ತಮ್ಮ ಮುಂಜಾನೆಯ ಬಸ್ಸಿಗೇ ಬಂದು ನನ್ನ ಮುಂದೆ ಕುಳಿತರು. ನೀಲಗಂಗವ್ವ ಅಳುತ್ತಿರಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು ಬಿಚ್ಚುವುದು ಮಾಡುತ್ತಿದ್ದರು.

“ಹೋದ ಸಲ ನನ್ನ ಮಗಳು ಪರದೇಶದಾಗ ಒಬ್ಬಾಕಿನ ಇದ್ಲರಿ ಅಕ್ಕಾರ. ಈ ಸಲ ಹಂಗ ಆಗಬಾರದು. ಎಲ್ಲಕಿಂತ ಲಗೂ ಮುಟ್ಟೂದು ಯಾವುದೈತಿ, ಅದರಾಗ ಕುಂದ್ರಸ್ರಿ.”

ದಾರ ಎಳೆದರೆ ಮುಂಬಯಿಯಿಂದ ಕಾನೋಗೆ ಅರಬಸ್ಥಾನದ ಮೇಲೆ ಹಾಯ್ದು ಚೆಂದದ ದಾರಿ. ಆದರೆ ಆ ದಾರದ ಮೇಲೆ ಹಾರುವ ವಿಮಾನವಿರಲಿಲ್ಲ. ಮೊದಲು ಮಾಡಿದ್ದ ಟಿಕೇಟು ನೈರೋಬಿಯ ಮೇಲಿನದು. ನೈರೋಬಿಯವರೆಗೆ ಬೇಗ ಹೋಗಬಹುದು, ಅಲ್ಲಿಂದ ಆಫ್ರಿಕಾದ ಆ ಮಗ್ಗುಲಿಗೆ ಹೋಗುವ ವಿಮಾನ ಮಾತ್ರ ವಾರಕ್ಕೊಂದು, ಅದು ಹೋಗಿಬಿಟ್ಟಿತ್ತು. ಮಧ್ಯಾಹ್ನದವರೆಗೆ ಪುಸ್ತಕ ತಿರುವಿ ಕೊನೆಗೆ ಹಿಡಿದೆ: ಮುಂಬಯಿಯಿಂದ ಲಂಡನ್, ಲಂಡನ್ನಿನಿಂದ ಲಾಗೋಸ್, ಲಾಗೋಸಿನಿಂದ ಕಾನೋ. ಅಷ್ಟು ಮೇಲೆ ಹೋಗಿ ಅಷ್ಟೇ ಕೆಳಗೆ ಇಳಿಯಬೇಕು, ಆದರೂ ಅದೇ ಎಲ್ಲಕ್ಕಿಂತ ಬೇಗ. ಮೂರು ವಿಮಾನಗಳು ಒಂದರ ಬಾಲಕ್ಕೆ ಒಂದು ಕಟ್ಟಿದಂತೆ ಕೂಡಿಕೊಂಡಿದ್ದವು.

“ಆಫ್ರಿಕಾಕ್ಕ ಹೋಗೂ ಹೆಣಮಗಳನ್ನ ಲಂಡನ್ ತೋರಿಸಿ ಕಳಸ್ತಿ ಏನ?” ಎಂದು ಸಂಗಪ್ಪನವರು ನಕ್ಕರು. ಟ್ರಂಕ್ ಕಾಲಿನಲ್ಲಿ ಮುಂಬಯಿಯ ಸಾಹೇಬರು ಮಾತ್ರ ಭೇಷ್ ಎಂದರು. ನನ್ನ ನೌಕರಿಯಲ್ಲಿ ಅವರು ಭೇಷ್ ಎಂದ ಮೊದಲ ದಿನ ಅದು. ನಾನು ಉಬ್ಬಿಹೋಗಿ, ನೀಲಗಂಗವ್ವನವರಿಗೆ ಭೂಗೋಲದ ಮೇಲೆ ಬೆರಳಿಟ್ಟು ಇಲ್ಲಿ ಹತ್ತುವುದು, ಇಲ್ಲಿ ಇಳಿಯುವುದು ಎಂದು ವಿವರಿಸತೊಡಗಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು.

“ತಿಳೀತರಿ ಅಕ್ಕಾರ. ಜಳಕಕ್ಕ ಎಲ್ಲಿ ನಿಂದರತೈತಿ?”

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಮ್ಮದು ಬೌದ್ಧರ ಮನೆ. ಮುಂಜಾನೆ ಬುದ್ಧನ ಫೋಟೋದ ಮುಂದೆ ಮೇಣಬತ್ತಿ ಹಚ್ಚಿ ಕೈಮುಗಿಯುತ್ತೇವೆ, ಅದಕ್ಕೂ ಮೊದಲೇ ಚಹಾ ಆಗಿರುತ್ತದೆ. ನೀಲಗಂಗವ್ವ ಜಳಕ ಮಾಡಿ, ವಿಭೂತಿ ಹಚ್ಚಿ, ಕೊರಳ ಲಿಂಗವನ್ನು ಕೈಯಲ್ಲಿಟ್ಟು ಪೂಜೆ ಮಾಡದ ಹೊರತು ಹನಿ ನೀರು ಕುಡಿಯುವವರಲ್ಲ. ಕಾಶಿಯಾತ್ರೆಯ ನಮ್ಮ ಬಸ್ಸುಗಳು ದಿನಾ ಮುಂಜಾನೆ ಹೊಳೆಯ ದಂಡೆಗೆ ನಿಲ್ಲುತ್ತಿದ್ದವು. ಆ ಬಸ್ಸುಗಳ ದಾರಿ ಹಾಕುವವಳೂ ನಾನೇ, ಹೊಳೆ ಎಲ್ಲಿದೆ ಎಂದು ಮೊದಲು ನೋಡಿ ಆಮೇಲೆ ಊರು ಬರೆಯುತ್ತಿದ್ದೆ. ವಿಮಾನದ ಪುಸ್ತಕ ತೆರೆದ ಕೂಡಲೆ ಅದು ನನ್ನ ತಲೆಯಿಂದ ಹೋಗಿಬಿಟ್ಟಿತ್ತು.

“ಇಮಾನ ಜಳಕಕ್ಕ ನಿಂದರಂಗಿಲ್ರಿ ಅವ್ವಾರ,” ಎಂದು ಸಂಗಪ್ಪನವರು ನನ್ನ ನೆರವಿಗೆ ಬಂದರು. “ನಾ ಸೈತ ಒಂದ ಸಲ ಹಂಗ ಕುಂತು ಉಂಡೇನಿ. ಅಲ್ಲೆ ಏನ್ ಮಾಡಾಕ ಬರತೈತಿ?” ಹೇಳಿದ ಮೇಲೆ ಒಳಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದರು. “ಇದನ್ನ ಜೋರಲೆ ಅನಬ್ಯಾಡ್ರಿ. ಒಳಗ ನಮ್ಮವ್ವ ಅದಾಳ.”

“ಇರಲಿ ಬಿಡ್ರಿ,” ಎಂದರು ನೀಲಗಂಗವ್ವ. “ನನ್ನ ಸಲುವಾಗಿ ಇಮಾನ ನಿಂದರಸಬ್ಯಾಡ್ರಿ. ನಾ ಉಪವಾಸ ಹೋಗತೇನಿ. ಮಗಳ ಮಾರಿ ನೋಡಿ, ಅಲ್ಲೆ ಜಳಕ ಮಾಡತೇನಿ.”

ಅವರು ಇದನ್ನು ದೊಡ್ಡ ಮಾತಾಗಿ ಹೇಳಲಿಲ್ಲ. ನನಗೇ ಹೆದರಿಕೆ ಹತ್ತಿತು. ಮುಂಬಯಿ ಬಿಟ್ಟು ಕಾನೋ ಮುಟ್ಟುವವರೆಗೆ ಒಂದೂವರೆ ದಿನ. ವಯಸ್ಸಾದ ಹೆಂಗಸು, ಊಟವಿಲ್ಲ, ನೀರಿಲ್ಲ, ಭಾಷೆ ಬಾರದು, ಲಾಗೋಸಿನಲ್ಲಿ ನಡುರಾತ್ರಿ ಇಳಿದು ಬೆಳಗಿನ ವಿಮಾನಕ್ಕೆ ಕುರ್ಚಿಯ ಮೇಲೆ ಕಾಯಬೇಕು. ಬಾಣಂತನ ಮಾಡಲು ಹೋದವರು ಬಾಣಂತಿಯ ಮಗ್ಗುಲಿನ ಮಂಚದಲ್ಲೇ ಮಲಗುವಂತಾದರೆ ಮಗಳ ಗತಿ ಏನು? ಸ್ವಲ್ಪ ತಡೆಯಿರಿ ಎಂದು ಹೇಳಿ ಪುಸ್ತಕವನ್ನು ಮತ್ತೆ ಮೊದಲಿನಿಂದ ತೆರೆದೆ.

ಈ ಸಲ ಹುಡುಕಿದ್ದು ವಿಮಾನವನ್ನಲ್ಲ, ಬಚ್ಚಲುಮನೆಯನ್ನು. ಆಗೊಂದು ಪದ್ಧತಿಯಿತ್ತು. ಮುಂದಿನ ವಿಮಾನಕ್ಕೆ ಇಡೀ ಒಂದು ದಿನ ಕಾಯಬೇಕಿದ್ದರೆ, ನಡುವೆ ಇಳಿದವರಿಗೆ ವಿಮಾನದ ಕಂಪನಿಯೇ ಹೊಟೆಲಿನಲ್ಲಿ ಕೋಣೆ ಕೊಡುತ್ತಿತ್ತು. ಕಾಯುವ ಹೊತ್ತು ಕಡಿಮೆಯಿದ್ದರೆ ಬೆಂಚೇ ಗತಿ. ಅಂದರೆ ನಾನು ಇಷ್ಟು ದಿನ ಬಿಡದೆ ಬೆನ್ನು ಹತ್ತಿದ್ದ ಬಿಗಿಯಾದ ಜೋಡಣೆಗಳೇ ಇಲ್ಲಿ ಅಡ್ಡಿ. ಸಡಿಲವಾದದ್ದೊಂದು ಬೇಕಿತ್ತು, ತೀರಾ ಸಡಿಲವೂ ಆಗಬಾರದು. ಸಂಜೆಯ ಹೊತ್ತಿಗೆ ಕೈರೋ ಸಿಕ್ಕಿತು. ಮುಂಬಯಿಯಿಂದ ಹೊರಟು ಮುಂಜಾನೆ ಕೈರೋದಲ್ಲಿ ಇಳಿಯುವುದು, ಮರುದಿನ ಅಲ್ಲಿಂದ ನೆಟ್ಟಗೆ ಕಾನೋಗೆ. ವಿಮಾನ ಎರಡೇ. ಆದರೆ ಲಂಡನ್ನಿನ ದಾರಿಗಿಂತ ಅರ್ಧ ದಿನ ತಡ.

ಸಾಹೇಬರಿಗೆ ಮತ್ತೆ ಕಾಲ್ ಹಚ್ಚಿದೆ. ಅವರ ಭೇಷ್ ಒಂದೇ ದಿನದಲ್ಲಿ ಮುಗಿಯಿತು. ಗಿರಾಕಿ ಕೇಳಿದ್ದು ಬೇಗ ಮುಟ್ಟುವ ದಾರಿ, ಅದು ಕೈಯಲ್ಲಿರುವಾಗ ತಡವಾದದ್ದನ್ನು ಕೊಡುವವರು ಈ ಧಂದೆಗೆ ಯಾಕೆ ಬರಬೇಕು, ನಡುವೆ ಆ ಕೂಸು ಹುಟ್ಟಿ ಏನಾದರೂ ಆದರೆ ಹೊಣೆ ಯಾರು ಎಂದರು. ನೀಲಗಂಗವ್ವನವರಿಗೆ ಎರಡೂ ದಾರಿಗಳನ್ನು ಇದ್ದದ್ದು ಇದ್ದ ಹಾಗೆ ಹೇಳಿ, ನೀವೇ ಆರಿಸಿಕೊಳ್ಳಿ ಎಂದೆ.

“ನಾ ಇಮಾನ ಕಂಡಾಕಿ ಅಲ್ಲ. ನಿಮ್ಮವ್ವ ಆಗಿದ್ರ ಯಾವುದರಾಗ ಕಳಸ್ತಿದ್ರಿ?” ಎಂದು ಅವರು ನನ್ನನ್ನೇ ಕೇಳಿದರು.

“ಕೈರೋದಾಗ,” ಎಂದೆ.

“ಹಂಗಾರ ಅದ ಆತು.”

ಈರಪ್ಪ ಅಕ್ಕನನ್ನು ಮುಂಬಯಿಯವರೆಗೆ ಕರೆದೊಯ್ದು ವಿಮಾನ ಹತ್ತಿಸಿ ಬಂದ. ಜೊತೆಗೆ ಇಂಗ್ಲಿಷಿನಲ್ಲಿ ನಾನೊಂದು ಚೀಟಿ ಟೈಪು ಮಾಡಿ ಕೊಟ್ಟಿದ್ದೆ: ಇವರಿಗೆ ಕನ್ನಡ ಮಾತ್ರ ಬರುತ್ತದೆ, ದಯವಿಟ್ಟು ಸ್ನಾನದ ಕೋಣೆ ತೋರಿಸಿ. ಆಮೇಲೆ ಕೆಲವು ದಿನ ಸುದ್ದಿಯಿಲ್ಲ. ಅಂಚೆಯವನು ದೂರದಲ್ಲಿ ಕಂಡರೆ ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಕೊನೆಗೆ ಈರಪ್ಪ ತಾರು ಹಿಡಿದುಕೊಂಡು ಬಂದ. ಹೆಣ್ಣು ಕೂಸು, ತಾಯಿ ಮಗು ಆರಾಮ ಎಂದಿತ್ತು. ಸಕ್ಕರೆ ಹಂಚಿದೆವು. ಅವ್ವ ಹೆರಿಗೆಗೆ ಮೊದಲು ಮುಟ್ಟಿದರೋ ಆಮೇಲೋ ಎಂಬುದು ಅದರಲ್ಲಿರಲಿಲ್ಲ.

ಅದು ಗೊತ್ತಾಗಲು ತಿಂಗಳುಗಳೇ ಹಿಡಿದವು. ಅಳಿಯನ ಶಾಲೆಯ ರಜೆಯಲ್ಲಿ ಶಿವಲೀಲಾ ಅವ್ವ ಮತ್ತು ಕೂಸಿನೊಡನೆ ಊರಿಗೆ ಬಂದಳು. ಒಂದು ದಿನ ಕೂಸನ್ನು ಎತ್ತಿಕೊಂಡ ನೀಲಗಂಗವ್ವ ಮುಂದೆ, ಆಕೆ ಹಿಂದೆ ನಮ್ಮ ಆಫೀಸಿನ ಮೆಟ್ಟಿಲು ಹತ್ತಿದರು. ಸಾವಕಾರರ ತಾಯಿಯೂ ಕೂಸು ನೋಡಲು ಹೊರಗೆ ಬಂದರು. ನೀಲಗಂಗವ್ವ ಕೈರೋದ ಕತೆ ಶುರುಮಾಡಿದರು.

“ಕ್ವಾಣಿ ಭಾಳ ದೊಡ್ಡದು ಕೊಟ್ಟಿದ್ರರಿ. ಬಚ್ಚಲದಾಗ ಎಮ್ಮಿ ನೀರ ಕುಡಿಯೂ ಬಾನಿ ಇದ್ದಂಗ ಬೆಳ್ಳನ್ನ ಬಾನಿ. ಅದರಾಗ ಇಳಿಯಾಕ ನನಗ ಧೈರ್ಯ ಆಗಲಿಲ್ಲ. ತಂಬಗಿ ಹುಡುಕಿದ್ರ ತಂಬಗಿ ಇಲ್ಲ. ಚಾದ ಕಪ್ಪ ಇತ್ತು, ಅದರಲೆ ನೀರ ಮೊಗಕೊಂಡು ಮೊಗಕೊಂಡು ಜಳಕ ಮಾಡಿದೆ. ಹೊತ್ತ ಹಿಡೀತು. ಪೂಜಿ ಮಾಡಿ, ಕಟಕ ರೊಟ್ಟಿ, ಶೇಂಗಾ ಹಿಂಡಿ ಉಂಡು ಮಲಗಿದೆ. ಖಿಡಕ್ಯಾಗಿಂದ ಹೊಳಿ ಕಾಣತಿತ್ತು. ನಮ್ಮ ಮಲಪ್ರಭಾ ಅಷ್ಟ ಅಗಲ ಇಲ್ಲ ಬಿಡ್ರಿ. ಮರುದಿನಾ ಹೊಂಡೂ ಮೊದಲ ಮತ್ತ ಜಳಕ, ಮತ್ತ ಪೂಜಿ.”

ಹಾಗೆಂದು ಚೀಲದಿಂದ ಬಿಳಿಯ ಕಪ್ಪೊಂದನ್ನು ತೆಗೆದು ನನ್ನ ಟೇಬಲ್ಲಿನ ಮೇಲೆ ಇಟ್ಟರು. ಆ ಹೊಟೆಲಿನ ಕಪ್ಪು.

“ಇದನ್ನ ಯಾಕ ತಂದ್ರಿ ಅವ್ವಾರ?” ಎಂದೆ.

“ಮೈ ತೊಳಕೊಂಡ ಕಪ್ಪರಿ. ಅಲ್ಲೆ ಇಟ್ಟು ಬಂದ್ರ ಮುಂದಿನವ್ರು ಗೊತ್ತಿಲ್ದ ಚಾ ಕುಡೀತಿರಲಿಲ್ಲೇನು? ಪಾಪ ಬರತಿತ್ತು. ಅವ್ರಿಗೆ ಹೇಳಿ ತರಾಕ ಭಾಷಾ ಬರಲಿಲ್ಲ. ನೀವ ಅವ್ರಿಗೆ ಒಂದು ಕಾಗದಾ ಬರದು ತಿಳಸ್ರಿ.”

ಸಂಗಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನಗಬ್ಯಾಡ್ರಿ ಸಾವಕಾರ್ರ,” ಎಂದರು ನೀಲಗಂಗವ್ವ. “ನೀವು ಇಮಾನದಾಗ ಜಳಕಾ ಪೂಜಿ ಇಲ್ದ ಉಂಡಿದ್ರಿ ಅಂತಲ್ಲ, ನನಗ ಹಂಗ ಆಗಲಿಲ್ಲ.” ಸಾವಕಾರರ ತಾಯಿ ಮಗನ ಕಡೆ ತಿರುಗಿದರು. ಅವರ ನಗು ಅಲ್ಲಿಗೇ ನಿಂತಿತು. ಆ ವಾರವೆಲ್ಲ ಅವರು ಊಟಕ್ಕೆ ಒಳಗೆ ಹೋಗುವಾಗ ಅವ್ವನ ಬೈಗುಳಕ್ಕೆ ಹೆದರಿ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದುದನ್ನು ನೋಡಿದ್ದೇನೆ.

ನನಗೆ ಬೇಕಾದ ಮಾತು ಇನ್ನೂ ಬಂದಿರಲಿಲ್ಲ. ತಡೆಯಲಾಗದೆ ಶಿವಲೀಲಾಳನ್ನು ಕೇಳಿಯೇಬಿಟ್ಟೆ, ಅವ್ವ ಬಂದಾಗ ಕೂಸು ಹುಟ್ಟಿತ್ತೋ ಇಲ್ಲವೋ ಎಂದು.

“ಇರಲಿಲ್ರಿ. ಇನ್ನೊಂದ ತಾಸು ತಡಾ ಆಗಿದ್ರ ಹುಟ್ಟಿಬಿಡತಿತ್ತು,” ಎಂದಳು.

ಲಂಡನ್ನಿನ ದಾರಿಯಲ್ಲಿ ಕಳಿಸಿದ್ದರೆ ಅವರು ಅದೇ ದಿನ ಮುಂಜಾನೆಯೇ ಮಗಳ ಹತ್ತಿರ ಇರುತ್ತಿದ್ದರು. ಅದನ್ನು ಬಾಯಿಬಿಟ್ಟು ಹೇಳಿದೆ. ನಿನಗೆ ಅಷ್ಟು ಹೊತ್ತು ಒಬ್ಬಳೇ ನೋವು ತಿನ್ನುವಂತೆ ಮಾಡಿದವಳು ನಾನೇ ಎಂದೆ.

ಶಿವಲೀಲಾ ಕೂಸನ್ನು ಅವ್ವನ ಕೈಯಿಂದ ತೆಗೆದುಕೊಂಡು ನನ್ನ ತೊಡೆಯ ಮೇಲೆ ಮಲಗಿಸಿದಳು.

“ಮುಂಜಾನಿಯಿಂದ ನನಗ ಅಂಜಿಕಿ ಹೊಕ್ಕಿತ್ತರಿ ಅಕ್ಕಾರ. ಹೋದ ಸಲದ್ದ ನೆನಪು. ನರ್ಸ ಹೇಳಿದ್ದು ಒಂದೂ ಕಿವ್ಯಾಗ ಹೋಗವಲ್ದಾಗಿತ್ತು. ದೀಪಾ ಹಚ್ಚೂ ಹೊತ್ತಿನ್ಯಾಗ ಬಾಗಲಾ ತಗೀತು. ಅವ್ವ ಬಂದ್ಲು. ಸೀರಿ ಮುದುಡಿದ್ದಿಲ್ಲ, ಹಣಿ ಮ್ಯಾಲ ವಿಭೂತಿ ಹಂಗ ಇತ್ತು. ಮೂರು ದೇಶಾ ದಾಟಿ ಬಂದಾಕಿ ಅನಸಲಿಲ್ಲ. ನಮ್ಮ ಹಿತ್ತಲದಾಗ ಜಳಕಾ ಮಾಡಿ ಒಳಗ ಬರತಿದ್ಲಲ್ಲ, ದಿನಾ, ಹಂಗ ಬಂದ್ಲು. ನಾ ದೊಡವಾಡದಾಗ ಅದೇನಿ ಅನಸ್ತು. ಅಂಜಿಕಿ ಅ‌ಲ್ಲೆ ಹೋತು.”

ಕೂಸು ನನ್ನ ಬೆರಳು ಹಿಡಿದುಕೊಂಡಿತ್ತು.

ಆಮೇಲೆ ಟೆಲೆಕ್ಸು ಬಂತು, ಕಂಪ್ಯೂಟರು ಬಂತು, ದಾರ ಭೂಗೋಲ ಮೂಲೆ ಸೇರಿದವು. ಈಗ ಹುಡುಗಿಯರು ಫೋನಿನ ಮೇಲೆ ಬೆರಳು ಸರಿಸಿದರೆ ಎಲ್ಲಕ್ಕಿಂತ ಬೇಗ ಮುಟ್ಟುವ ವಿಮಾನ ಮೊದಲ ಸಾಲಿನಲ್ಲೇ ಬಂದು ನಿಲ್ಲುತ್ತದೆ. ಒಳ್ಳೆಯದೇ ಆಯಿತು, ನನ್ನ ಕಣ್ಣು ಹಾಳಾದದ್ದು ಆ ಪುಸ್ತಕದಿಂದಲೇ. ನಿಮಗೆ ನಾನು ಹೇಳುವುದಿಷ್ಟೇ, ಮೊದಲ ಸಾಲು ಓದಿದವರು ಎರಡನೆಯದನ್ನೂ ಓದಿ. ಅದಕ್ಕೂ ಮೊದಲು ಎದುರಿಗೆ ಕುಳಿತವರು ಅಲ್ಲಿ ಮುಟ್ಟಿದ ಮೇಲೆ ಏನು ಮಾಡಬೇಕಾಗಿದೆ ಎಂದು ಕೇಳಿ.

ಹೊಟೆಲಿನವರಿಗೆ ಕಾಗದ ಬರೆದಿದ್ದೆ. ಕಪ್ಪು ನೀವೇ ಇಟ್ಟುಕೊಳ್ಳಿ ಎಂದು ಉತ್ತರ ಬಂತು. ನಿಮ್ಮಲ್ಲಿ ಒಬ್ಬಳು ಮೊನ್ನೆ ನಮ್ಮ ಮನೆಗೆ ಬಂದಾಗ ಅದರಲ್ಲಿದ್ದ ಪೆನ್ಸಿಲ್ಲುಗಳನ್ನು ತೆಗೆದು, ತೊಳೆದು, ಚಹಾ ಹಾಕಿಕೊಳ್ಳಲು ಹೊರಟಿದ್ದಳಲ್ಲ, ನಾನು ಯಾಕೆ ಓಡಿಬಂದು ಕಸಿದುಕೊಂಡೆ ಎಂದು ಈಗ ತಿಳಿಯಿತೆ?